ಪಡುವಣಕ್ಕೆ ತಿರುಗಿಸಿದ ಹೊರಸು

ಕೈ ಮುಗಿಯುವುದು ಕಿರಣಕುಮಾರನಿಗೆ ಇನ್ನೂ ಒಗ್ಗಿರಲಿಲ್ಲ. ಮುಗಿದ ಕೈಯನ್ನು ಯಾವಾಗ ಬಿಡಬೇಕು ಎಂಬುದೇ ಅವನಿಗೆ ತಿಳಿಯುತ್ತಿರಲಿಲ್ಲ. ಬೇಗ ಬಿಟ್ಟರೆ ಸೊಕ್ಕು ಅನ್ನುತ್ತಾರೆ, ತಡವಾಗಿ ಬಿಟ್ಟರೆ ನಾಟಕ ಅನ್ನುತ್ತಾರೆ. ಮುಂಡರಗಿಯಿಂದ ಡಂಬಳದ ಕಡೆ ಹೊರಟ ಪ್ರಚಾರದ ಗಾಡಿಯ ಮಾಡಿಗೆ ಕಿಂಡಿ ಕೊರೆಸಿದ್ದರು. ಊರು ಬಂದಾಗ ಅದರಲ್ಲಿ ಏಳಬೇಕು, ಊರು ದಾಟಿದ ಮೇಲೆ ಕೂರಬೇಕು. ಜನರಿಗೆ ಕಾಣುತ್ತಿದ್ದದ್ದು ಸೊಂಟದ ಮೇಲಿನ ಅರ್ಧ ಮಾತ್ರ: ಹಾರ, ಶಲ್ಯ, ನಗು. ಕೆಳಗಿನ ಅರ್ಧ ಸೀಟಿನ ಮೇಲೆ ಬರಿಗಾಲಲ್ಲಿ, ಜಾರದಂತೆ ಹೆಬ್ಬೆರಳನ್ನು ರೆಕ್ಸಿನ್ನಿಗೆ ಒತ್ತಿ ಹಿಡಿದು ನಡುಗುತ್ತಿತ್ತು. ಬೆಟಗೇರಿಯ ಮನೆಯಲ್ಲಿ ಅಪ್ಪನೂ ಹೀಗೇ ಅರ್ಧ ಕಾಣುತ್ತಿದ್ದ. ಸೀರೆ ನೇಯುವ ಕುಣಿಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ಅಪ್ಪ ಕಲ್ಲಣ್ಣ ಮಧ್ಯಾಹ್ನ ಊಟಕ್ಕೆಂದು ಎದ್ದು ನಿಂತರೆ, ಯಾರೋ ಬೇರೆ ಎತ್ತರದ ಮನುಷ್ಯ ಮನೆಯೊಳಗೆ ಬಂದಂತಾಗಿ ಕಿರಣ ಅವ್ವನ ಸೆರಗು ಹಿಡಿಯುತ್ತಿದ್ದ. ಈಗ ಯಾರಾದರೂ ಹುಡುಗ ತನ್ನನ್ನು ಪೂರ್ತಿ ನೋಡಿದರೆ ಹಾಗೆಯೇ ಹೆದರುತ್ತಾನೇನೋ ಅನ್ನಿಸಿ ಅವನಿಗೆ ಸುಮ್ಮನೆ ಬೇಸರವಾಯಿತು. ರಸ್ತೆ ಬದಿಯ ಮುದುಕಿಯೊಬ್ಬಳು ಕೈ ಎತ್ತಿದಳು. ಅವನು ಮುಗಿದ. ಮುಗಿದದ್ದನ್ನು ಬಿಡಲು ಮರೆತ. ಗಾಡಿ ಹೊಂಡಕ್ಕೆ ಬಿದ್ದಾಗ ಹಿಡಿದುಕೊಳ್ಳಲು ಕೈಯಿಲ್ಲದೆ ಕಿಂಡಿಯ ಅಂಚು ಪಕ್ಕೆಲುಬಿಗೆ ಬಡಿಯಿತು.

ಬೆಳಿಗ್ಗೆ ಗದಗದಲ್ಲಿ ಪತ್ರಿಕಾಗೋಷ್ಠಿ ಇತ್ತು. ಎರಡು ವರ್ಷದ ಹಿಂದೆ ಆಗಿದ್ದರೆ ಅವನು ಗಾಳಿ ವಿದ್ಯುತ್ತಿನ ಕಂಪನಿಯ ಮುಖ್ಯಸ್ಥನಾಗಿ ಕೂತು, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುತ್ತಿದ್ದ. ಇವತ್ತು ಲೋಕಸಭೆಯ ಅಭ್ಯರ್ಥಿಯಾಗಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಬೆನ್ನು ಊರಬೇಕೋ ಬೇಡವೋ ಎಂದು ಯೋಚಿಸುತ್ತ ಕೂತಿದ್ದ. ಹಿಂದಿನ ಸಾಲಿನ ಒಬ್ಬ ಎದ್ದು, "ರಾಜೀನಾಮಿ ಕೊಟ್ಟೀನಂತೀರಿ. ಆದ್ರ ಗುಡ್ಡದ ಮ್ಯಾಲಿನ ಫ್ಯಾನು ಇನ್ನೂ ಯಾರ ಮಾತು ಕೇಳ್ತಾವ್ರಿ ಸರ?" ಎಂದು ಕೇಳಿದ. ಎಲ್ಲರೂ ನಕ್ಕರು. ಎದುರಾಳಿಗಳು ಊರೂರಲ್ಲಿ ಹೇಳುತ್ತಿದ್ದುದು ಅದೇ: ಇವನು ಕಂಪನಿಯ ಕೆಲಸಕ್ಕೆ ದಿಲ್ಲಿಗೆ ಹೊರಟವನು. ಅವನು ಪಾಠ ಮಾಡಿಕೊಂಡಿದ್ದ ಮಾತನ್ನು ಹೇಳಿದ. ಕಂಪನಿಗೂ ನನಗೂ ಯಾವ ಸಂಬಂಧವೂ ಉಳಿದಿಲ್ಲ, ಒಂದು ಫ್ಯಾನು ನಿಲ್ಲಿಸುವ ಅಧಿಕಾರವೂ ನನಗಿಲ್ಲ. ಹೇಳಿ ಮುಗಿಸಿದ ಮೇಲೆ ಎದೆಯಲ್ಲಿ ಏನೋ ಚುಚ್ಚಿತು. ಸುಳ್ಳು ಹೇಳಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಆ ಮಾತು ನಿಜವಾಗಿತ್ತು, ಮತ್ತು ಅದು ನಿಜವೆಂದು ಅಲ್ಲಿದ್ದ ಒಬ್ಬರೂ ನಂಬಿರಲಿಲ್ಲ. ತನ್ನ ಅಧಿಕಾರ ಇನ್ನೂ ಇದೆಯೆಂದೇ ಅವರು ತಿಳಿದಿದ್ದುದರಿಂದ ಅವನಿಗೆ ಒಳಗೊಳಗೆ ಸಮಾಧಾನವೂ ಆಗಿತ್ತು. ಆ ಸಮಾಧಾನಕ್ಕಾಗಿ ನಾಚಿಕೆಯಾಗಿತ್ತು. ಪಕ್ಷದ ಹಿರಿಯರು ದಿಲ್ಲಿಯಲ್ಲಿ ಕೂರಿಸಿಕೊಂಡು, ನಿಮ್ಮಂಥವರು ದೇಶಕ್ಕೆ ಬೇಕು ಅಂದಾಗ ಅವನು ತಲೆ ಬಾಗಿಸಿ ಕೇಳಿದ್ದ. ಮನಸ್ಸು ಮಾತ್ರ ದೇಶದ ಕಡೆಗೆ ಹೋಗದೆ ಬೆಟಗೇರಿಯ ಓಣಿಗೆ ಹೋಗಿತ್ತು. ಆ ಓಣಿಯಲ್ಲಿ ಅವನ ದೊಡ್ಡ ಕಾರು ಬಂದಾಗ ಜನ ಕಾರು ನೋಡುತ್ತಿದ್ದರು. ತನ್ನನ್ನು ನೋಡಲಿ ಎಂಬ ಆಸೆ ಈ ವಯಸ್ಸಿನಲ್ಲಿ ಹುಟ್ಟಿತ್ತು, ಅದನ್ನು ಹೆಂಡತಿಯ ಮುಂದೆಯೂ ಆಡಿರಲಿಲ್ಲ.

"ಡಂಬಳ ದಾಟಿದ ಮ್ಯಾಲ ಒಂದ್ ಮನಿ ಐತ್ರಿ ಸಾಹೇಬ್ರ," ಎಂದು ಕೆಳಗಿನಿಂದ ಮೂಕಪ್ಪ ಅವನ ಪೈಜಾಮದ ಅಂಚು ಎಳೆದ. ಮೂಕಪ್ಪ ಮುಂಡರಗಿಯಲ್ಲಿ ಪಕ್ಷದ ಅಧ್ಯಕ್ಷ. ಇಡೀ ತಾಲ್ಲೂಕಿನಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರು, ಯಾರ ಮನೆಯಲ್ಲಿ ಚಟ್ಟ ಕಟ್ಟಿದರು ಎಂಬುದೆಲ್ಲ ಅವನಿಗೆ ಗೊತ್ತು. "ನಿಜಾಮುದ್ದೀನ ಅಂತ, ಹಿರೀ ಮನಶ್ಯಾ. ಭಾಳ ಸೀರಿಯಸ್ ಅದಾನ. ಆ ಓಣಿ ಪೂರಾ ಅವರ ಮನೀ ಮಾತು ಕೇಳ್ತೈತಿ. ಎರಡ್ ನಿಮಿಷ ಕುಂತು ಎದ್ದು ಬರೂಣ್ರಿ." ಕಿರಣಕುಮಾರ ಕಿಂಡಿಯಿಂದ ಇಳಿದು ಸೀಟಿನಲ್ಲಿ ಕೂತ. ಆ ಹೆಸರು ಕೇಳಿದೊಡನೆ ಬಾಯಿಗೆ ಹಸಿ ಶೇಂಗಾದ ರುಚಿ ಬಂದಿತ್ತು. ಅವನು ಕಂಪನಿಯಲ್ಲಿದ್ದಾಗ ಒಮ್ಮೆ ಗುಡ್ಡದ ಬುಡದಲ್ಲಿ ನಿಂತು, ಮೇಲೆ ಫ್ಯಾನುಗಳನ್ನು ನೆಡುವ ಜಾಗ ಗುರುತಿಸುತ್ತಿದ್ದರು. ನಿಜಾಮುದ್ದೀನ ಹೊಲದ ಬದುವಿನಲ್ಲಿ ಟವೆಲ್ ಹಾಸಿ, ಬಳ್ಳಿ ಕಿತ್ತು, ಎದುರಿಗೆ ಗುಡ್ಡೆ ಹಾಕಿ, ತಿನ್ನಿರಿ ತಿನ್ನಿರಿ ಎನ್ನುತ್ತ ಕೂತಿದ್ದ. ರಸ್ತೆಗೆ ದಾರಿ ಬಿಟ್ಟುಕೊಡಲು ಒಪ್ಪಿದ್ದ. ಆಮೇಲೆ ಒಂದೇ ಒಂದು ಮಾತು ಕೇಳಿದ್ದ: "ಇಷ್ಟೆತ್ತರದ್ದು ಅಂತೀರಿ, ಇದರ ನೆಳ್ಳು ಎಲ್ಲಿ ಬೀಳ್ತೈತ್ರಿ ಸಾಹೇಬ್ರ?" ಕಿರಣಕುಮಾರನಿಗೆ ಅದರ ಉತ್ತರ ಗೊತ್ತಿತ್ತು. ವರ್ಷದಲ್ಲಿ ಒಂದಿಷ್ಟು ದಿನ, ಸಂಜೆ ಒಂದಿಷ್ಟು ಹೊತ್ತು, ನಿಜಾಮುದ್ದೀನನ ಮನೆಯ ಮೇಲೆಯೇ. ಅವನು ಹೇಳಿದ್ದು ಬೇರೆ. "ಈ ಬಿಸಲಾಗ ಪುಕ್ಕಟೆ ನೆಳ್ಳು ಕೊಡಾಕತ್ತೀನಿ, ಬ್ಯಾಡಂತೀರೇನು?" ಎಂದಿದ್ದ. ಜೊತೆಗೆ ಬಂದ ಇಂಜಿನಿಯರುಗಳೆಲ್ಲ ನಕ್ಕಿದ್ದರು. ನಿಜಾಮುದ್ದೀನನೂ ನಕ್ಕಿದ್ದ. ಅವನು ನಕ್ಕದ್ದೇ ಈಗ ಹೆಚ್ಚು ಕಾಡಿತು. ದೊಡ್ಡವರು ಚೇಷ್ಟೆ ಮಾಡಿದಾಗ ನಗದಿದ್ದರೆ ಚೆನ್ನಾಗಿರದು ಎಂದು ನಗುವ ಆ ನಗುವನ್ನು ಅಪ್ಪನ ಮುಖದ ಮೇಲೆ, ಸೀರೆ ವ್ಯಾಪಾರಿಗಳ ಅಂಗಡಿಯಲ್ಲಿ, ಅವನು ಎಷ್ಟೋ ಸಲ ನೋಡಿದ್ದ.

ಮನೆಯ ಮುಂದೆ ಜನ ಸೇರಿದ್ದರು. ಗಾಡಿ ಕಂಡು ಕೆಲವರು ಫೋನು ಎತ್ತಿ ಹಿಡಿದರು. ಮೂಕಪ್ಪ ಮೈಕು ಬಂದ್ ಮಾಡಿಸಿ, ಮುಖಕ್ಕೆ ಸಾವಿನ ಮನೆಗೆ ತಕ್ಕ ಕಳೆ ತಂದುಕೊಂಡು ಮುಂದೆ ನಡೆದ. ಒಳಗೆ ಉಸಿರು ಕಟ್ಟುತ್ತದೆಂದು ಮುದುಕನೇ ಸನ್ನೆ ಮಾಡಿದನಂತೆ. ಅವನು ಮಲಗಿದ್ದ ಹೊರಸನ್ನು ಅಂಗಳದ ಕಟ್ಟೆಗೆ ತಂದು ಹಾಕಿದ್ದರು. ಬಡಗಣಕ್ಕೆ ತಲೆ, ಬಲಮಗ್ಗುಲಾಗಿ ಹೊರಳಿಸಿದ ಮೈ, ಪಡುವಣಕ್ಕೆ ಮುಖ. ಹೆಂಡತಿ ಸುಗ್ರಾಬಿ ಹತ್ತಿಯಲ್ಲಿ ನೀರು ಅದ್ದಿ ತುಟಿಗೆ ಹಚ್ಚುತ್ತಿದ್ದಳು. ಮಗ ಅಯ್ಯೂಬ ಕಿವಿಯ ಬಳಿ ಬಾಗಿ, ಹೋಗುವ ಜೀವದ ಬಾಯಲ್ಲಿ ಕಡೆಗೆ ಬರಬೇಕಾದ ಕಲಿಮಾವನ್ನು ಮೆಲ್ಲಗೆ ಹೇಳಿಕೊಡುತ್ತಿದ್ದ. ಮುದುಕನ ತುಟಿ ಅದರ ಮೊದಲ ಶಬ್ದಕ್ಕೆ ಅಲುಗುತ್ತಿತ್ತು. ಅಷ್ಟರಲ್ಲಿ ನೆರಳು ಬಂತು. ಕಿರಣಕುಮಾರ ತಿರುಗಿ ನೋಡಬೇಕಾಗಿಯೇ ಇರಲಿಲ್ಲ. ಬೆನ್ನ ಹಿಂದೆ ಸೂರ್ಯ ಇಳಿದಿದ್ದ, ಸೂರ್ಯನಿಗೂ ಕಟ್ಟೆಗೂ ನಡುವೆ ಗುಡ್ಡದಂಚಿನ ಫ್ಯಾನು ತಿರುಗುತ್ತಿತ್ತು. ಅದರ ಒಂದೊಂದು ರೆಕ್ಕೆಯ ನೆರಳೂ ಅಂಗಳ ದಾಟಿ, ಕಟ್ಟೆ ಹತ್ತಿ, ಮುದುಕನ ಮುಖ ಒರೆಸಿಕೊಂಡು ಹೋಗುತ್ತಿತ್ತು. ಒಂದು ಹೋಯಿತು ಅನ್ನುವಷ್ಟರಲ್ಲಿ ಇನ್ನೊಂದು. ನೆರಳು ಮೈಮೇಲೆ ಬಂದಾಗಲೆಲ್ಲ ಅವನ ಕಣ್ಣು ಗಾಬರಿಯಿಂದ ತೆರೆದುಕೊಳ್ಳುತ್ತಿತ್ತು, ಯಾರೋ ಹೊಡೆಯಲು ಕೈ ಎತ್ತಿದ ಹಾಗೆ, ತುಟಿ ನಿಂತುಬಿಡುತ್ತಿತ್ತು. ಅಯ್ಯೂಬ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ. ಇಬ್ಬರು ಹೆಣ್ಣುಮಕ್ಕಳು ಚಾದರ ಹಿಡಿದು ಮರೆ ಮಾಡಲು ನೋಡಿದರು. ಚಾದರದ ಮೇಲೆಯೂ ನೆರಳು ಲಾಳಿಯ ಹಾಗೆ ಓಡಾಡಿತು. ಗಾಳಿ ಮರೆಯಾಗಿ ಮುದುಕ ಇನ್ನಷ್ಟು ಏದುಸಿರು ಬಿಟ್ಟ. ಅವರು ಚಾದರ ತೆಗೆದರು.

ಕಿರಣಕುಮಾರ ಒಂದು ಹೆಜ್ಜೆ ಮುಂದೆ ಬಂದ. ಏನಾದರೂ ಹೇಳಬೇಕಿತ್ತು, ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. "ಹೊರಸು ಈ ಕಡಿ ಹೊಳ್ಳಿಸ್ರಿ," ಎಂದ. "ಮೂಡಲಕ್ಕ ಮಾರಿ ಮಾಡ್ರಿ. ಅಷ್ಟ ಮಾಡಿದ್ರ ಸಾಕು." ದೂರು ಬಂದಾಗಲೆಲ್ಲ ಕಂಪನಿಯಿಂದ ಕೊಡುತ್ತಿದ್ದ ಉತ್ತರ ಅದು: ಮಂಚ ತಿರುಗಿಸಿ, ಕಿಟಕಿ ಹಾಕಿ, ಪರದೆ ಕಟ್ಟಿ. ಇಷ್ಟು ವರ್ಷ ಅದು ಎಷ್ಟು ಸಲೀಸಾಗಿ ನಾಲಿಗೆಯ ಮೇಲೆ ಕೂತಿತ್ತೆಂದರೆ ತಾನಾಗಿಯೇ ಜಾರಿ ಹೊರಬಿತ್ತು. ಚಾದರ ಮಡಚುತ್ತಿದ್ದ ಹೆಂಗಸು ಕೈ ನಿಲ್ಲಿಸಿದಳು. ಅಯ್ಯೂಬ ತಲೆ ಎತ್ತದೆ, ತಪ್ಪು ತನ್ನದೇ ಎಂಬ ದನಿಯಲ್ಲಿ, "ಅದು ಹಂಗ ಬರೂದಿಲ್ರಿ ಸಾಹೇಬ್ರ. ಜೀವ ಹೋಗೂ ಮುಂದ ಕಾಬಾದ ಕಡಿ ಮಾರಿ ಇರಬೇಕ್ರಿ," ಎಂದ. ಕಿರಣಕುಮಾರನಿಗೆ ಅದು ಗೊತ್ತಿತ್ತು! ಬೆಟಗೇರಿಯಲ್ಲಿ ಗೋಡೆಗೆ ಗೋಡೆ ಹಚ್ಚಿ ಇದ್ದ ಸಾಬೀರಾ ಅಜ್ಜಿಯ ಕೊನೆಗಳಿಗೆಯಲ್ಲಿ ಹೊರಸನ್ನು ತಿರುಗಿಸುವಾಗ ಜಾಗ ಸಾಲದೆ, ಅಪ್ಪನೇ ಹೋಗಿ ಅದರ ಒಂದು ಕಾಲು ಹಿಡಿದಿದ್ದ. ಕಿರಣ ಬಾಗಿಲಲ್ಲಿ ನಿಂತು ನೋಡಿದ್ದ. ಆ ಓಣಿಯಲ್ಲಿ ಹುಟ್ಟಿದ ಯಾರೂ ಈ ಮಾತು ಆಡುತ್ತಿರಲಿಲ್ಲ. ಓಣಿಯ ಮಗ ಎಂದು ಪೋಸ್ಟರಿನಲ್ಲಿ ಅಚ್ಚು ಹಾಕಿಸಿಕೊಂಡವನು ಆಡಿದ್ದ. ಕ್ಷಮೆ ಕೇಳಬೇಕೆಂದುಕೊಂಡ. ಸುತ್ತ ಎತ್ತಿ ಹಿಡಿದ ಫೋನುಗಳು ಕಂಡು ಶಲ್ಯ ಸರಿಮಾಡಿಕೊಂಡ.

ಸುಗ್ರಾಬಿ ಎದ್ದು ಅವನ ಎದುರು ಬಂದು ನಿಂತಳು. ಅವಳಿಗೆ ಅವನ ಮಾತಿನಿಂದ ಸಿಟ್ಟು ಬಂದಂತೆ ಕಾಣಲಿಲ್ಲ, ಸಿಟ್ಟಿಗೆ ಪುರುಸೊತ್ತೇ ಇರಲಿಲ್ಲ. "ಯಪ್ಪಾ, ಓಟಿನ ಮಾತು ಆಮ್ಯಾಲ ಆಗಲಿ. ಅದನ್ನೊಂದು ಸ್ವಲ್ಪ ಹೊತ್ತು ನಿಂದರಿಸು. ಕಲಿಮಾ ಬಾಯಿಗೆ ಬಂದಿರತೈತಿ, ನೆಳ್ಳು ಬಂತಂದ್ರ ಬೆದರಿ ಬಿಟ್ಟುಬಿಡತಾರ. ಪೂರಾ ಹೇಳಿ ಹೋಗಲಿ. ನಾ ಬ್ಯಾರೆ ಏನೂ ಬೇಡಂಗಿಲ್ಲ," ಎಂದಳು. ಅವನು, "ಅವ್ವಾ, ಈಗ ಅದು ನನ್ನ ಕೈಯಾಗಿಲ್ಲ," ಎಂದ. "ನಿಮ್ಮ ಕೈಯಾಗ ಇರದ ಮತ್ಯಾರ ಕೈಯಾಗ ಇರತೈತಿ? ಗುಡ್ಡದ ಮ್ಯಾಲ ನೆಟ್ಟವರು ನೀವ, ತಿರುಗಿಸಿದವರು ನೀವ," ಎಂದಳು ಸುಗ್ರಾಬಿ. ಮೂಕಪ್ಪ ಹಿಂದಿನಿಂದ ಬಂದು ಕಿವಿಯಲ್ಲಿ, "ಫೋನ್ ಮಾಡಬ್ಯಾಡ್ರಿ ಸಾಹೇಬ್ರ. ಮುಂಜಾನಿ ಪೇಪರಿನವರಿಗೆ ಏನು ಹೇಳೀರಿ ನೆನಪೈತಿಲ್ಲೋ? ನಿಮ್ಮ ಮಾತಿಗೆ ಫ್ಯಾನ್ ನಿಂತ್ರ ರಾತ್ರಿಯೊಳಗ ಊರೆಲ್ಲಾ ವಿಡಿಯೋ ಹರೀತೈತಿ," ಎಂದು ಉಸುರಿದ. ಅದು ಸರಿಯಾದ ಮಾತೇ. ಇನ್ನೊಂದು ಮಾತೂ ಸರಿಯಾಗಿತ್ತು, ಅದು ಮೂಕಪ್ಪನಿಗೆ ತಿಳಿಯದ್ದು: ಸೂರ್ಯ ಗುಡ್ಡದ ಹಿಂದೆ ಸರಿಯಲು ಹೆಚ್ಚು ಹೊತ್ತಿಲ್ಲ, ಸರಿದ ಮೇಲೆ ನೆರಳೇ ಇಲ್ಲ. ಏನೂ ಮಾಡದೆ, ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತರೂ ನಡೆಯುತ್ತದೆ. ಆದರೆ ಮುದುಕನ ಎದೆಯನ್ನು ನೋಡಿದರೆ ಅಷ್ಟು ಹೊತ್ತು ಅದರಲ್ಲಿ ಉಳಿದಂತೆ ತೋರಲಿಲ್ಲ. ನಿಲ್ಲಿಸಬೇಕು ಅನ್ನಿಸಿತು. ಆ ಅನ್ನಿಸಿಕೆಯನ್ನು ತಿರುವಿ ನೋಡಿದ. ಅದರಲ್ಲಿ ಕರುಣೆ ಇತ್ತು, ಖಂಡಿತ ಇತ್ತು. ಅದರ ಮಗ್ಗುಲಲ್ಲೇ, ನಾನು ಹೇಳಿದರೆ ಇನ್ನೂ ನಿಲ್ಲುತ್ತದೆ ಎಂದು ಇವರೆಲ್ಲರ ಎದುರು ತೋರಿಸುವ ಹಸಿವೂ ಇತ್ತು. ಎರಡರಲ್ಲಿ ಯಾವುದು ಕಾಲನ್ನು ಎಳೆಯಿತೋ, ಅವನು ಹೊಟ್ಟಿನ ಬಣವೆಯ ಮರೆಗೆ ಹೋಗಿ ಫೋನು ತೆಗೆದ.

ಬಹಳ ಹೊತ್ತು ರಿಂಗಾಯಿತು. ಒಂದು ಕಾಲದಲ್ಲಿ ಈ ನಂಬರು ಕಂಡರೆ ಕುರ್ಚಿ ಬಿಟ್ಟು ಏಳುತ್ತಿದ್ದ ಕಂಪನಿಯ ಇಂಜಿನಿಯರು ಕಡೆಗೊಮ್ಮೆ ಎತ್ತಿಕೊಂಡ. ಕಿರಣಕುಮಾರ ತಗ್ಗಿದ ದನಿಯಲ್ಲಿ ಫ್ಯಾನಿನ ನಂಬರು ಹೇಳಿ, ಸ್ವಲ್ಪ ಹೊತ್ತು ನಿಲ್ಲಿಸಿ ಅಂದ, ಯಾಕೆಂದೂ ಹೇಳಿದ. ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದು. "ಸರ್, ತಪ್ಪು ತಿಳಕೋಬ್ಯಾಡ್ರಿ. ಹೊರಗಿನವರು ಹೇಳಿದ್ರ ಮಷೀನ್ ನಿಲ್ಲಿಸಬಾರದು ಅಂತ ನೀವ ಆರ್ಡರ್ ಮಾಡೀರಿ. ಪುಣೆ ಹೆಡ್ ಆಫೀಸಿಂದ ಹೇಳಿಸ್ರಿ ಸರ್." ಕಿರಣಕುಮಾರ, "ಪುಣೆಗೆ ಫೋನ್ ಹಚ್ಚೂದರಾಗ ಆ ಮನಶ್ಯಾ ಹೋಗ್ತಾನ," ಎಂದ. ಅವನು, "ಚುನಾವಣಿ ಟೈಮ್ ಐತ್ರಿ ಸರ್. ನಿಮ್ಮ ಫೋನ್ ಬಂದಿತ್ತಂತ ಸೈತ ನಾ ಮ್ಯಾಲಿನವರಿಗೆ ಹೇಳಬೇಕಾಗತೈತಿ. ಹೇಳೂದಿಲ್ಲ ಬಿಡ್ರಿ," ಎಂದು, ಉಪಕಾರ ಮಾಡಿದವನ ಧಾಟಿಯಲ್ಲಿ ಇಟ್ಟುಬಿಟ್ಟ. ಹೊರಗಿನವರು. ಕಿರಣಕುಮಾರ ಕತ್ತಲಾದ ಫೋನನ್ನು ಹಿಡಿದು ಬಣವೆಗೆ ಕೈ ಊರಿ ನಿಂತ. ಮುಖ ಕಾದಿತ್ತು. ಅವಮಾನ ಮೊದಲು ಬಂತು, ಮುದುಕನ ನೆನಪು ಆಮೇಲೆ ಬಂತು. ಈ ಅನುಕ್ರಮ ಅವನಿಗೇ ಹೇಸಿಗೆ ಹುಟ್ಟಿಸಿತು. ಹೋಗಿ ಅವಳಿಗೆ ಹೇಳಬೇಕು, ಅವ್ವಾ ನನ್ನ ಮಾತು ಯಾರೂ ಕೇಳಲಿಲ್ಲ ಎಂದು. ಅಷ್ಟೇ, ಹೇಳಿಬಿಡಬೇಕು. ಶಬ್ದಗಳನ್ನು ಜೋಡಿಸಿಕೊಂಡು ಬಣವೆಯ ಮರೆಯಿಂದ ಹೊರಬಂದ.

ಅಂಗಳದಲ್ಲಿ ಎಲ್ಲರೂ ಅವನಿಗೆ ಕೈ ಮುಗಿದು ನಿಂತಿದ್ದರು. ಮೊದಲು ಅರ್ಥವಾಗಲಿಲ್ಲ. ಅಂಗಳದ ಬೇವಿನ ಮರದ ಎಲೆ ಅಲುಗುತ್ತಿಲ್ಲ ಎಂಬುದು ಆಮೇಲೆ ಗಮನಕ್ಕೆ ಬಂತು. ಬೇಸಿಗೆಯ ಸಂಜೆ ಕೆಲವೊಮ್ಮೆ ಹಾಗೇ ಗಾಳಿ ಒಮ್ಮೆಲೇ ನಿಂತುಬಿಡುತ್ತದೆ. ತಿರುಗಿ ನೋಡಿದ. ಫ್ಯಾನು ಕೊನೆಯ ಸುತ್ತನ್ನು ತೆವಳಿ ಮುಗಿಸಿ, ಒಂದು ರೆಕ್ಕೆಯನ್ನು ಮನೆಯಿಂದಾಚೆಗೆ ಚಾಚಿ ನಿಂತಿತ್ತು. ಯಾರಾದರೂ ನಿಲ್ಲಿಸಿದ್ದರೆ ಗಾಳಿ ಹಿಡಿಯದಂತೆ ರೆಕ್ಕೆಗಳು ಅಡ್ಡ ಹೊರಳಿರುತ್ತಿದ್ದವು. ಹೊರಳಿರಲಿಲ್ಲ. ಅಲ್ಲಿದ್ದವರಲ್ಲಿ ಅದು ತಿಳಿಯುತ್ತಿದ್ದದ್ದು ಅವನೊಬ್ಬನಿಗೆ. ಕಟ್ಟೆಯ ಮೇಲೆ ಸಂಜೆಯ ಬೆಳಕು ಅಲುಗದೆ ಕೂತಿತ್ತು, ಮುದುಕ ಕಣ್ಣು ಅರೆಮುಚ್ಚಿದ್ದ, ತುಟಿ ಸಾವಕಾಶವಾಗಿ ಮಗನ ತುಟಿಯನ್ನು ಹಿಂಬಾಲಿಸುತ್ತಿತ್ತು. ಸುಗ್ರಾಬಿ ಓಡಿಬಂದು ಅವನ ಎರಡೂ ಕೈ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು. "ನಿನ್ನ ಹೊಟ್ಟಿ ತಣ್ಣಗಿರಲಿ ಯಪ್ಪಾ. ಅಲ್ಲಾ ನಿನ್ನ ದಿಲ್ಲಿ ಮುಟ್ಟಿಸಲಿ." ನಾನಲ್ಲ ಎಂಬ ಮಾತು ಬಾಯಲ್ಲಿ ಸಿದ್ಧವಾಗಿತ್ತು. ಅವಳ ಕಣ್ಣೀರು ಬೆರಳ ಸಂದಿಗೆ ಇಳಿಯಿತು, ಬೆಚ್ಚಗಿತ್ತು. ಅಷ್ಟು ವರ್ಷ ಕಂಪನಿಯಲ್ಲಿ ಗುಡ್ಡಗಳನ್ನೇ ಕುಣಿಸಿದವನಿಗೆ ಇಂಥದೊಂದು ಸುಖ ಯಾರೂ ಕೊಟ್ಟಿರಲಿಲ್ಲ. "ಆತು ಬಿಡವ್ವಾ, ಆತು," ಎಂದ. ಆ ಮಾತಿಗೆ ಎಷ್ಟು ಅರ್ಥ ಬೇಕೋ ಅಷ್ಟನ್ನು ಅವರವರೇ ಹಚ್ಚಿಕೊಂಡರು. ಬೇಡವೆಂದಿದ್ದ ಮೂಕಪ್ಪ ಈಗ ಜನರ ಕಡೆ ತಿರುಗಿ, "ನೋಡ್ರೆಪಾ, ಮನಶ್ಯಾತನ ಅಂದ್ರ ಇದು. ಏನಾದ್ರೂ ಅಂದುಕೊಳ್ಳಲಿ ಅಂದ್ರು, ಫೋನ್ ಹಚ್ಚಿದ್ರು," ಎಂದು ವಿಡಿಯೋಕ್ಕೆ ಕೇಳುವಷ್ಟು ಗಟ್ಟಿಯಾಗಿ ಹೇಳಿದ. ಕಿರಣಕುಮಾರ ತಲೆ ತಗ್ಗಿಸಿದ. ತಗ್ಗಿಸಿದ ತಲೆ ಎಷ್ಟು ಚೆನ್ನಾಗಿ ಕಾಣುತ್ತಿರಬಹುದು ಎಂಬ ಯೋಚನೆ ಬಂತು. ಅದನ್ನು ಓಡಿಸಲು ಅವನು ಏನೂ ಮಾಡಲಿಲ್ಲ.

ಆಗ ಕಾಲಿನ ಬಳಿ ಹೊಟ್ಟಿನ ಎಳೆಯೊಂದು ಹೊರಳಿತು. ಬೇವು ಸಣ್ಣಗೆ ಉಸಿರಾಡಿತು. ಅವನ ಬೆನ್ನಿಗೆ ಗಾಳಿ ತಾಗಿತು. ಬೇಡ, ಬೇಡ, ಇನ್ನೊಂದಿಷ್ಟು ಹೊತ್ತು ಎಂದುಕೊಂಡ. ಯಾರಿಗೆ ಹೇಳುತ್ತಿದ್ದೇನೆಂದು ಅವನಿಗೇ ತಿಳಿಯಲಿಲ್ಲ. ಫ್ಯಾನು ಕದಲಿತು. ಸೂರ್ಯ ಇನ್ನೂ ಗುಡ್ಡದ ಮೇಲಿದ್ದ. ನೆರಳು ಅಂಗಳಕ್ಕೆ ಇಳಿದು, ಕಟ್ಟೆ ಹತ್ತಿ, ಮುದುಕನ ಮುಖದ ಮೇಲೆ ಬಂತು. ಕಣ್ಣು ತೆರೆಯಿತು. ತುಟಿ ನಿಂತಿತು. ಅಂಗಳದಲ್ಲಿದ್ದ ಒಬ್ಬನೂ ಫ್ಯಾನಿನ ಕಡೆ ನೋಡಲಿಲ್ಲ. ಎಲ್ಲರೂ ಕಿರಣಕುಮಾರನನ್ನು ನೋಡಿದರು. "ಸಾಹೇಬ್ರ," ಅಯ್ಯೂಬ ಮೊದಲ ಸಲ ದನಿ ಎತ್ತಿದ, "ಇನ್ನೊಂದ್ ಸ್ವಲ್ಪ ಅಂತ ಹೇಳ್ರಿ. ಅರ್ಧಕ್ಕ ಬಂದೈತ್ರಿ, ಇನ್ನರ್ಧ ಅಷ್ಟ!"

ಅವನು ಫೋನನ್ನು ಕಿವಿಗೆ ಹಿಡಿದ. ಯಾವ ನಂಬರನ್ನೂ ಒತ್ತಿರಲಿಲ್ಲ. "ಹಲೋ, ನಾನು ಕಿರಣಕುಮಾರ. ಯಾಕ ಚಾಲೂ ಮಾಡಿದ್ರಿ? ನಿಲ್ಲಿಸ್ರಿ ಅದನ್ನ. ಹೇಳೀನಲ್ಲ, ನಿಲ್ಲಿಸ್ರಿ," ಎಂದ. ದನಿ ಹಳೆಯ ಗತ್ತಿನಲ್ಲೇ ಹೊರಟಿತು. ಆ ಕಡೆ ಉಸಿರಿಲ್ಲ, ಸದ್ದಿಲ್ಲ. ನೆರಳು ಇನ್ನೊಮ್ಮೆ ದಾಟಿತು, ಮತ್ತೊಮ್ಮೆ ದಾಟಿತು, ಈಗ ಬೇಗ ಬೇಗ. "ನಿಲ್ಲಿಸ್ರಿ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದ. ಕಿವಿಗೆ ಒತ್ತಿದ ಗಾಜು ಬೆವರಿಗೆ ಜಾರುತ್ತಿತ್ತು. ಇದು ನಾಟಕ ಎಂದು ಅವನಿಗೆ ಗೊತ್ತಿತ್ತು, ಕಣ್ಣಲ್ಲಿ ನೀರು ಬಂದದ್ದು ಮಾತ್ರ ಖರೆ. ಹಿಂದೆ ಅಯ್ಯೂಬನ ದನಿ ಒಂದೇ ಶಬ್ದವನ್ನು ಹಿಡಿದು ತಿರುಗಿ ತಿರುಗಿ ಹೇಳುತ್ತಿತ್ತು. ಆಮೇಲೆ ಅದು ನಿಂತಿತು. ಹೆಣ್ಣುಮಕ್ಕಳ ಅಳು ಒಮ್ಮೆಲೇ ಎದ್ದಿತು.

ಸುಗ್ರಾಬಿ ಅಳುತ್ತಿರಲಿಲ್ಲ. ನಡೆದು ಬಂದು ಅವನ ಎದುರು ನಿಂತಳು. ಸ್ವಲ್ಪ ಹೊತ್ತಿನ ಮೊದಲು ಅವನ ಕೈಯನ್ನು ಕಣ್ಣಿಗೆ ಒತ್ತಿಕೊಂಡವಳ ಮುಖದಲ್ಲಿ ಈಗ ಬರೀ ಅಚ್ಚರಿ ಇತ್ತು. ಅವಳು ಮೆಲ್ಲಗೆ ಕೇಳಿದಳು: "ಯಾಕ ಚಾಲೂ ಮಾಡಿಸಿದಿ ಯಪ್ಪಾ?"

ನಿಜ ಹೇಳಿದರೆ ಚಾಲೂ ಮಾಡಿಸಿದ ಪಾಪ ತಪ್ಪುತ್ತಿತ್ತು, ನಿಲ್ಲಿಸಿದ ಪುಣ್ಯವೂ ಹೋಗುತ್ತಿತ್ತು. ಅವನು ಫೋನನ್ನು ಕಿವಿಯಿಂದ ತೆಗೆಯಲಿಲ್ಲ. "ಅಲ್ಲಿನ ಮಂದಿ ನನ್ನ ಮಾತು ಕೇಳವಲ್ರು ಅವ್ವಾ," ಎಂದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಮೂಕಪ್ಪ ಪಕ್ಕದಲ್ಲಿದ್ದ, ಫೋನುಗಳು ಇನ್ನೂ ಎತ್ತಿ ಹಿಡಿದಂತೆಯೇ ಇದ್ದವು, ನಾಲಿಗೆ ತಾನೇ ಮುಂದುವರಿಯಿತು. "ದಿಲ್ಲಿಗೆ ಹೋಗೂ ಹಂಗ ಆದ್ರ ಮೊದಲ ಇದಕ್ಕೊಂದು ಕಾಯ್ದೆ ತರ್ತೀನ್ರಿ. ಇನ್ನ ಮ್ಯಾಲ ಯಾರಿಗೂ ಹಿಂಗ ಆಗದಂಗ ನೋಡ್ಕೋತೀನಿ."

"ಅವರು ಹೋದ್ರಲ್ಲೋ ತಮ್ಮಾ," ಎಂದಳು ಸುಗ್ರಾಬಿ, ಅವನಿಗೆ ಅದು ತಿಳಿದಿಲ್ಲವೇನೋ ಎಂಬಂತೆ. ಆಮೇಲೆ ಕಟ್ಟೆಗೆ ಹೋಗಿ, ತೆರೆದೇ ಉಳಿದಿದ್ದ ಗಂಡನ ಕಣ್ಣುಗಳ ಮೇಲೆ ಅಂಗೈ ಇಟ್ಟು, ಅವು ಮುಚ್ಚುವ ತನಕ ಹಿಡಿದುಕೊಂಡಳು.